ರಶೀದಿ ಎಷ್ಟು ವರ್ಷ ಇಡಬೇಕು

ಉಚ್ಚಿಲದ ಶೇಕಬ್ಬ ಕಾಗದ ಬಿಸಾಡುವ ಪೈಕಿಯವರಲ್ಲ. ಜುಬೈಲಿನ ಒಂದು ಕಂಪೆನಿಯ ಗೋದಾಮಿನಲ್ಲಿ ಅರ್ಧ ಆಯುಷ್ಯ ಸ್ಟೋರ್‌ಕೀಪರ್ ಆಗಿ ಕಳೆದು ಊರಿಗೆ ಮರಳಿದವರು. ಅಲ್ಲಿ ಒಂದು ಬೋಲ್ಟು ಬಾಗಿಲು ದಾಟಬೇಕಾದರೂ ಮೂವರ ಸಹಿ ಬೇಕಿತ್ತಂತೆ. ಬೇರೆಯವರು ಗಲ್ಫಿನಿಂದ ಚಿನ್ನ ತಂದರು, ಟಿ.ವಿ. ತಂದರು, ಇವರು ಈ ಅಭ್ಯಾಸ ತಂದರು. ಕರೆಂಟಿನ ಬಿಲ್ಲು, ಗ್ಯಾಸಿನ ಚೀಟಿ, ಯಾರ್ಯಾರದೋ ಮದುವೆಯ ಕರೆಯೋಲೆ ಎಲ್ಲವೂ ತಾರೀಖಿನ ಪ್ರಕಾರ ಫೈಲು ಸೇರಿವೆ. ಮನೆಯ ಹಳೆಯ ಫ್ರಿಜ್ಜು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅದರ ಗ್ಯಾರಂಟಿ ಕಾರ್ಡು ಮಾತ್ರ ಇನ್ನೂ ಆರೋಗ್ಯವಾಗಿದೆ.

ಅವರ ಹೆಂಡತಿ ಜುಬೈದಾ ಒಣಮೀನು ಮಾರುತ್ತಾಳೆ. ಸಂತೆಯಲ್ಲಲ್ಲ, ಫೋನಿನಲ್ಲಿ. ಬೇಸಿಗೆಯಲ್ಲಿ ಬಂಗುಡೆ, ನಂಗು ಮೀನುಗಳನ್ನು ಉಪ್ಪು ಹಾಕಿ ಒಣಗಿಸಿ, ಬೇಕೆಂದವರಿಗೆ ಅಂಚೆಯಲ್ಲಿ ಕಳಿಸುತ್ತಾಳೆ. ವಾಸನೆ ಹೊರಗೆ ಬಾರದಂತೆ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ಮೇಲೊಂದು ಬಟ್ಟೆ ಹೊಲಿಯುವುದು ಅವಳ ಕ್ರಮ. ಈಗಿನವರೆಲ್ಲ ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತಿ ಕೈತೊಳೆದುಕೊಳ್ಳುತ್ತಾರೆ. ಟೇಪಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಅವಳ ಉಮ್ಮ ಬೊಂಬಾಯಿಯಲ್ಲಿದ್ದ ಮಗನಿಗೆ ಹೀಗೆಯೇ ಹೊಲಿದು ಕಳಿಸುತ್ತಿದ್ದರು, ಒಂದು ಕಟ್ಟೂ ದಾರಿತಪ್ಪಿದ್ದಿಲ್ಲ. ಬಿಳಿಬಟ್ಟೆ ಮುಗಿದುಹೋದರೆ ದಿಂಬಿನ ಕವರೋ ಹಳೆಯ ಲುಂಗಿಯೋ ಕತ್ತರಿಗೆ ಸಿಗುತ್ತದೆ. ಕಾಪುವಿನ ಅಂಚೆ ಕಚೇರಿಯಲ್ಲಿ ಕಟ್ಟು ಕೊಟ್ಟು ತಂದ ರಶೀದಿ ಮಾತ್ರ ಶೇಕಬ್ಬರ ಇಲಾಖೆ. ಅದರಲ್ಲಿ ಅವಳು ಕೈಹಾಕುವುದಿಲ್ಲ.

ರಶೀದಿಯನ್ನು ಎಷ್ಟು ಕಾಲ ಇಡಬೇಕು ಎಂಬ ಬಗ್ಗೆ ಆ ಮನೆಯಲ್ಲಿ ಆಗಾಗ ಚರ್ಚೆ ನಡೆದಿದೆ. ಅಂಚೆ ಕೌಂಟರಿನ ವಾಸು, ದೂರು ಕೊಡಲು ಇರುವುದೇ ಕೆಲವು ತಿಂಗಳು, ಆಮೇಲೆ ಅದನ್ನು ಇಟ್ಟು ಎಂತ ಉಪ್ಪಿನಕಾಯಿ ಹಾಕುವುದಾ ಎಂದು ಕೇಳಿದ್ದ. ತೆರಿಗೆಯ ಲೆಕ್ಕ ನೋಡುವ ಉಡುಪಿಯ ತಿಲಕ್ ಆರು ವರ್ಷ ಎಂದಿದ್ದ, ಒಂದು ಚಾ ಕುಡಿದ ಮೇಲೆ ಎಂಟು ಇದ್ದರೆ ಇನ್ನೂ ಒಳ್ಳೆಯದು ಎಂದಿದ್ದ. ಹೋದ ವರ್ಷ ಮದುವೆಯಾಗಿ ಬಂದ ಸೊಸೆ ರಶೀದಾ ಫೋನಿನಲ್ಲಿ ಫೋಟೋ ಹಿಡಿದು ಕಾಗದ ಬಿಸಾಡಿ ಎಂದಳು. ಶೇಕಬ್ಬ ಎಲ್ಲರ ಮಾತನ್ನೂ ಗೌರವದಿಂದ ಕೇಳಿದರು, ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಕಿಯಾಮತ್ತಿನವರೆಗೆ ಇಡಿ," ಎಂದಿದ್ದಳು ಜುಬೈದಾ. "ಅಲ್ಲಿ ದೇವರು ಲೆಕ್ಕ ಕೇಳಿದರೆ ಬೇಕಾಗ್ತದೆ."

ಅಲ್ಲಿ ಕೇಳುವ ಮೊದಲೇ ಇಲ್ಲಿ ಕೇಳಿದರು. ಜೂನಿನ ಒಂದು ಬೆಳಿಗ್ಗೆ ರಶೀದಾ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಜುಬೈದಾಳ ಫೋನಿನ ಅಂಗಡಿಯ ಪುಟದಲ್ಲಿ ಗಿರಾಕಿಗಳು ಅಭಿಪ್ರಾಯ ಬರೆಯುವ ಜಾಗ ಉಂಟಲ್ಲ, ಅಲ್ಲಿಯವರೆಗೆ ಎಲ್ಲರೂ ಐದು ನಕ್ಷತ್ರವನ್ನೇ ಕೊಟ್ಟವರು. ಈಗ ಒಬ್ಬರು ಒಂದೇ ಒಂದು ಕೊಟ್ಟಿದ್ದರು.

"ಓದ್ಲಾ ಮಾಮಿ?" ಎಂದಳು ರಶೀದಾ. ಆಮೇಲೆ ಓದಿದಳು. "ಮೂರು ವರ್ಷದ ಹಿಂದೆ ಇವರಿಂದ ಒಣ ಬಂಗುಡೆ ತರಿಸಿದ್ದೆ. ಕಾರ್ಕಳದಲ್ಲಿದ್ದ ನನ್ನ ಪಪ್ಪನಿಗೆ. ಬರಲೇ ಇಲ್ಲ. ಪಪ್ಪ ಕೊನೆಯವರೆಗೂ ಬಂತಾ ಎಂದು ಕೇಳಿ ಕೇಳಿ ತೀರಿಕೊಂಡರು. ನಿನ್ನೆ ಅವರ ಮೂರನೇ ವರ್ಷದ ಪೂಜೆ ಇತ್ತು. ಲವಿಟಾ, ಮಣಿಪಾಲ."

ಜುಬೈದಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಅವಳ ಮೀನು ಸಣ್ಣದಾಯಿತು ಎಂದು ಫೋನು ಮಾಡಿ ಬೈದವರಿದ್ದಾರೆ, ಬರಲು ತಡವಾಯಿತು ಎಂದು ಬೈದವರಿದ್ದಾರೆ. ಅದನ್ನೆಲ್ಲ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಇದನ್ನು ಹಾಕಿಕೊಳ್ಳಲು ಆಗಲಿಲ್ಲ. ಸಾಯುವ ಮನುಷ್ಯನೊಬ್ಬ ತನ್ನ ಮೀನಿಗಾಗಿ ಬಾಗಿಲು ನೋಡುತ್ತ ಮಲಗಿದ್ದ ಎನ್ನುವುದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

"ನಾವು ಕಳಿಸಿದ್ದೇವೆ," ಎಂದರು ಶೇಕಬ್ಬ. "ಕಳಿಸದೆ ಎಲ್ಲಿಗೆ ಹೋಗ್ತದೆ?"

"ರಶೀದಿ ತೆಗೆಯಿರಿ."

"ಹುಡುಕ್ಬೇಕು."

ಶೇಕಬ್ಬರ ಬಾಯಲ್ಲಿ ಆ ಮಾತನ್ನು ಜುಬೈದಾ ಅವತ್ತಿನವರೆಗೆ ಕೇಳಿರಲಿಲ್ಲ. ಆ ಮನುಷ್ಯ ಹುಡುಕುವವರಲ್ಲ, ಕಪಾಟಿಗೆ ಕೈಹಾಕಿ ತೆಗೆಯುವವರು. ಅವಳು ತಾನೇ ಎದ್ದು ಹೋಗಿ ಆ ವರ್ಷದ ಫೈಲು ತಂದು ಮೇಜಿನ ಮೇಲೆ ಬಿಚ್ಚಿದಳು. ರಶೀದಿಗಳಿದ್ದವು. ಒಂದೊಂದು ತಿಂಗಳಿನದಕ್ಕೂ ಬೇರೆ ಬೇರೆ ಕ್ಲಿಪ್ಪು ಹಾಕಿ, ಮೇಲೆ ತಿಂಗಳ ಹೆಸರು ಬರೆದು ಒಪ್ಪವಾಗಿ ಜೋಡಿಸಲಾಗಿತ್ತು. ಎಲ್ಲವೂ ಕಾಡಿಗೆಯಂತೆ ಕಪ್ಪಾಗಿದ್ದವು.

"ಇದೆಂತ?"

"ರಶೀದಿ," ಎಂದರು ಶೇಕಬ್ಬ.

"ಇದರಲ್ಲಿ ಎಂತ ಬರೆದದ್ದು ಉಂಟು?"

"ಬರೆದದ್ದು ಉಂಟು. ಕಾಣುವುದಿಲ್ಲ, ಅಷ್ಟೆ."

ನಡೆದದ್ದು ಇಷ್ಟು. ಆ ವರ್ಷ ಆಟಿ ತಿಂಗಳ ಮಳೆಗೆ ಮನೆಯೊಳಗೆ ಎಲ್ಲಕ್ಕೂ ತಂಪು ಹಿಡಿದು, ಫೈಲಿಗೆ ಬೂಸ್ಟು ಬಂದಿತ್ತು. ಮಳೆಗಾಲದಲ್ಲಿ ಒಣಮೀನಿನ ಚೀಲವನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡುವುದು ಆ ಮನೆಯ ರೂಢಿ. ಕೆಳಗೆ ನೀರು ಕಾಯುವ ಬೆಂಕಿ, ಮೇಲೆ ಮೀನು ಗರಿಗರಿ. ಮೀನಿಗೆ ಆದೀತಾದರೆ ಕಾಗದಕ್ಕೆ ಯಾಕಾಗದು ಎಂದು ಶೇಕಬ್ಬ ರಶೀದಿಗಳನ್ನೂ ಅಲ್ಲೇ ಹರಡಿದರು. ಅವು ಎಟಿಎಮ್ಮಿನ ಚೀಟಿಯಂಥ ಕಾಗದದವು, ಬಿಸಿ ತಾಗಿದರೆ ಮೈಯೆಲ್ಲ ಕಪ್ಪಾಗುತ್ತವೆ. ಶೇಕಬ್ಬರಿಗೆ ಅದು ಗೊತ್ತಾದದ್ದು ಕೆಳಗಿಳಿಸಿದ ಮೇಲೆ. ಯಾರಿಗೂ ಹೇಳಲಿಲ್ಲ. ಇದ್ದ ಕ್ರಮದಲ್ಲೇ ಕ್ಲಿಪ್ಪು ಹಾಕಿ ಫೈಲಿಗೆ ಸೇರಿಸಿದರು.

"ಬಿಸಾಡಬಹುದಿತ್ತಲ್ಲ?" ಎಂದಳು ರಶೀದಾ.

"ಮೂಲ ಪ್ರತಿ ಮೂಲ ಪ್ರತಿಯೇ," ಎಂದರು ಶೇಕಬ್ಬ. ಅವರ ಮುಖದಲ್ಲಿ ನಗುವಿರಲಿಲ್ಲ.

ರಶೀದಾ ಫೋನಿನಲ್ಲಿ ಹಳೆಯ ಆರ್ಡರು ಹುಡುಕಿದಳು. ಸಿರಿಲ್ ಎಂಬವರ ಹೆಸರು, ಕಾರ್ಕಳದ ಆನೆಕೆರೆ ಹತ್ತಿರದ ವಿಳಾಸ, ಕೆಳಗೆ 'ಕಳಿಸಲಾಗಿದೆ' ಎಂದೂ ಇತ್ತು. ಆದರೆ ಅದು ಜುಬೈದಾಳೇ ಒತ್ತುವ ಗುಂಡಿ. ಅವಳು ಮೊದಲು ಗುಂಡಿ ಒತ್ತಿ ಆಮೇಲೆ ಸೂಜಿಗೆ ನೂಲು ಹಾಕುವವಳು ಎನ್ನುವುದು ಮನೆಗೆಲ್ಲ ಗೊತ್ತು. ಒತ್ತಿ, ಯಾರೋ ಬಾಗಿಲಿಗೆ ಬಂದರೆಂದು ಎದ್ದು, ಮರೆತೇಬಿಟ್ಟೆನೇ? ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಬೇರೆಯವರು ಅನುಮಾನಪಟ್ಟರೆ ಜಗಳವಾಡಬಹುದು. ತನಗೇ ಅನುಮಾನ ಬಂದರೆ ಯಾರ ಹತ್ತಿರ ಜಗಳವಾಡುವುದು?

ಆ ಬೇಸಿಗೆಯದ್ದೆಂದು ಅವಳಿಗೆ ಸರಿಯಾಗಿ ನೆನಪಿದ್ದದ್ದು ಒಂದೇ ಸಂಗತಿ, ಅದನ್ನು ಹೇಳುವಂತಿರಲಿಲ್ಲ. ಶೇಕಬ್ಬರ ಹತ್ತಿರ ಜುಬೈಲಿನಿಂದ ತಂದ ಹಸಿರು ಚೌಕಳಿಯ ಲುಂಗಿಯೊಂದಿತ್ತು. ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ಸುಟ್ಟ ಕಂದು ಗುರುತು. ಉಡಲು ನಾಚಿಕೆ, ಬಿಸಾಡಲು ಮನಸ್ಸಿಲ್ಲ ಎಂಬಂತೆ ಅದನ್ನು ವರ್ಷಗಟ್ಟಲೆ ಮಡಚಿಟ್ಟಿದ್ದರು. ಬಿಳಿಬಟ್ಟೆ ಮುಗಿದ ಒಂದು ದಿನ ಜುಬೈದಾ ಅದಕ್ಕೆ ಕತ್ತರಿ ಹಾಕಿ ಯಾವುದೋ ಕಟ್ಟಿಗೆ ಹೊಲಿದುಬಿಟ್ಟಳು. ಕೇಳಿದಾಗ ತೊಳೆದು ಒಣಗಹಾಕಿದ್ದೆ, ಗಾಳಿಗೆ ಹಾರಿತೋ ಏನೋ ಎಂದಳು. ಶೇಕಬ್ಬ ಪಕ್ಕದ ಮನೆಯ ಬಟ್ಟೆ ಒಣಗಿಸುವ ಹಗ್ಗವನ್ನು ಓರೆಗಣ್ಣಿನಲ್ಲಿ ನೋಡುವುದು ಇಂದಿಗೂ ನಿಂತಿಲ್ಲ. ಆ ಲುಂಗಿ ಯಾರ ಕಟ್ಟಿಗೆ ಹೋಯಿತು ಎನ್ನುವುದು ಮಾತ್ರ ಅವಳಿಗೆ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಮರುದಿನ ಗಂಡ ಹೆಂಡತಿ ಕಪ್ಪು ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕಾಪುವಿಗೆ ಹೋದರು. ವಾಸು ಒಂದು ರಶೀದಿಯನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮೂಸಿದ.

"ಬಂಗುಡೆ," ಎಂದ.

"ಅದು ನಮಗೂ ಗೊತ್ತುಂಟು," ಎಂದರು ಶೇಕಬ್ಬ. "ನಂಬರು ಓದಲಿಕ್ಕೆ ಆಗ್ತದಾ?"

"ಸಾಯ್ಬ್ರೇ, ನಂಬರು ಇದ್ದರೂ ಇಷ್ಟು ಹಳೆಯದ್ದು ನನ್ನ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ನಾನು ಆವಾಗಲೇ ಹೇಳಿರಲಿಲ್ವಾ, ಇಟ್ಟು ಪ್ರಯೋಜನ ಇಲ್ಲ ಅಂತ?" ವಾಸು ರಶೀದಿಯನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ. ಆಮೇಲೆ ಜುಬೈದಾಳ ಮುಖ ನೋಡಿ ದನಿ ತಗ್ಗಿಸಿದ. "ಅಕ್ಕ, ನೀವು ಕಳಿಸಿರ್ತೀರಿ. ಸಾಕ್ಷಿ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ ಅಷ್ಟೆ."

ಜುಬೈದಾ ಅಲ್ಲಿಂದ ಮನೆಗೆ ಹೋಗುವ ಬಸ್ಸು ಹತ್ತಲಿಲ್ಲ, ಉಡುಪಿಯ ಬಸ್ಸು ಹತ್ತಿದಳು. ಶೇಕಬ್ಬ ಎಲ್ಲಿಗೆ ಎಂದು ಕೇಳದೆ ಫೈಲು ಎದೆಗೊತ್ತಿಕೊಂಡು ಹಿಂದೆಯೇ ಹತ್ತಿದರು. ಲವಿಟಾ ಮಣಿಪಾಲದ ಒಂದು ಔಷಧ ಅಂಗಡಿಯಲ್ಲಿದ್ದಾಳೆ ಎಂದು ರಶೀದಾ ಫೋನಿನಲ್ಲೇ ಪತ್ತೆಮಾಡಿ ಕೊಟ್ಟಿದ್ದಳು.

ಲವಿಟಾ ನಲ್ವತ್ತರ ಆಸುಪಾಸಿನ ಹೆಂಗಸು. ಇವರು ಯಾರೆಂದು ತಿಳಿದೊಡನೆ ಮುಖ ಗಂಟಿಕ್ಕಲಿಲ್ಲ, ಸ್ವರ ಏರಿಸಲಿಲ್ಲ. ಕೌಂಟರಿನಿಂದ ಈಚೆ ಬಂದು ಮೆಟ್ಟಿಲ ಮೇಲೆ ನಿಂತಳು. ಬೈದಿದ್ದರೆ ಜುಬೈದಾಳಿಗೆ ಸುಲಭವಾಗುತ್ತಿತ್ತು.

"ನನಗೆ ಹಣ ಬೇಡ," ಎಂದಳು. "ನಿಮ್ಮ ಅಂಗಡಿ ಮುಚ್ಚಿಸಬೇಕು ಅಂತಲೂ ಇಲ್ಲ. ಆಗಿದ್ದನ್ನು ಬರೆದೆ."

"ನಾನು ಕಳಿಸಿದ್ದೇನೆ ಅಂತ..." ಎಂದು ಜುಬೈದಾ ಶುರುಮಾಡಿದಳು. ಶೇಕಬ್ಬ ಫೈಲು ತೆರೆದು ಕಪ್ಪು ಚೀಟಿಗಳನ್ನು ಮುಂದೆ ಹಿಡಿದರು. ಲವಿಟಾ ಅವನ್ನು ನೋಡಿದಳು, ಶೇಕಬ್ಬರನ್ನೂ ನೋಡಿದಳು.

"ಪಪ್ಪನಿಗೆ ಉಪ್ಪು ಆಗ್ತಿರಲಿಲ್ಲ," ಎಂದಳು. "ಗಂಜಿಗೆ ಒಂದು ಒಣ ಬಂಗುಡೆ ಕೊಡು ಅಂತ ವರ್ಷ ಇಡೀ ಕೇಳಿದರು, ನಾನು ಕೊಡಲಿಲ್ಲ. ಕೊನೆಗೆ ಡಾಕ್ಟರೇ, ಇನ್ನು ಅವರಿಗೆ ಬೇಕಾದ್ದು ಕೊಡಿ ಅಂದರು. ಆಗ ತರಿಸಿದ್ದು. ಅದರಲ್ಲೂ ನಾನು ಷರತ್ತು ಹಾಕಿದ್ದೆ. ಬಂದರೆ ಬಿಚ್ಚಬಾರದು, ಭಾನುವಾರ ನಾನು ಬಂದು ನಾಲ್ಕು ನೀರಿನಲ್ಲಿ ತೊಳೆದು ಉಪ್ಪು ತೆಗೆದು ಅರ್ಧ ಕೊಡ್ತೇನೆ ಅಂತ. ಭಾನುವಾರ ಭಾನುವಾರ ಹೋಗಿ ಕೇಳ್ತಿದ್ದೆ. ಇನ್ನೂ ಬರಲಿಲ್ಲ ಮಗಾ ಅಂತಿದ್ದರು." ಅವಳು ಅಂಗಡಿಯ ಒಳಗೆ ನೋಡಿದಳು. "ಒಂದು ವರ್ಷ ನಾನು ಕೊಡಲಿಲ್ಲ, ಆಮೇಲೆ ನೀವು ಕಳಿಸಲಿಲ್ಲ. ನನ್ನದಕ್ಕೆ ನಕ್ಷತ್ರ ಕೊಡುವವರು ಯಾರೂ ಇಲ್ಲ."

ಅಷ್ಟು ಹೇಳಿ ಅವಳು ಗಿರಾಕಿಗಳ ಕಡೆ ಹೋದಳು.

ಜುಬೈದಾಳಿಗೆ ಅಳು ಬಂತು. ನಡುಬೀದಿಯಲ್ಲಿ ಅಳುವುದು ಅವಳ ಪದ್ಧತಿಯಲ್ಲ, ಹಾಗಾಗಿ ಸೆರಗಿನಿಂದ ಮಳೆಹನಿ ಒರೆಸಿಕೊಂಡವಳಂತೆ ಮುಖ ಒರೆಸಿಕೊಂಡಳು. "ಕಾರ್ಕಳಕ್ಕೆ ಹೋಗುವ," ಎಂದಳು.

"ಅಲ್ಲಿ ಎಂತ ಉಂಟು?"

"ಗೊತ್ತಿಲ್ಲ. ಬಂದಿಲ್ಲ ಅಂತಾದರೆ ಬಂದಿಲ್ಲ ಅಂತ ಆ ಊರಲ್ಲೇ ಕೇಳಿ ಬರ್ತೇನೆ."

ಹಿರಿಯಡ್ಕದ ದಾರಿಯ ಬಸ್ಸು ಹಿಡಿದು ಇಬ್ಬರೂ ಕಾರ್ಕಳ ತಲುಪಿದರು. ಸಿರಿಲರ ಮನೆಗೆ ಬೀಗವಿತ್ತು. ಪಕ್ಕದ ಮನೆಯ ಜಗಲಿಯಲ್ಲಿ ಎಪ್ಪತ್ತರ ಹತ್ತಿರದ ಆನಿ ಎಂಬ ಹೆಂಗಸು ಹಲಸಿನ ಬೀಜ ಸುಲಿಯುತ್ತ ಕೂತಿದ್ದರು. ಸಿರಿಲರಿಗೆ ಕೊನೆಯ ಕಾಲದಲ್ಲಿ ಗಂಜಿ ಬೇಯಿಸಿ ಕೊಡುತ್ತಿದ್ದವರು ಅವರೇ ಎಂದು ಎದುರಿನ ಅಂಗಡಿಯವರು ಹೇಳಿದ್ದರು. ಜುಬೈದಾ ತಾನು ಯಾರು, ಯಾಕೆ ಬಂದೆ ಎಂದು ಹೇಳಿದಳು.

"ಪಾರ್ಸೆಲ್ಲಾ?" ಎಂದರು ಆನಿ. "ನನಗೆ ಎಂತದ್ದೂ ಗೊತ್ತಿಲ್ಲ. ದೂರದಿಂದ ಬಂದಿದ್ದೀರಿ, ಚಾ ಕುಡಿಯಿರಿ."

ಒಳಗೆ ಅಡುಗೆಮನೆಯ ಬೆಂಚಿನ ಮೇಲೆ ಕೂರಿಸಿದರು. ನೀರು ಕುದಿಯಿತು, ಚಾಪುಡಿ ಬಿತ್ತು. ಆನಿ ಗೋಡೆಯ ಮೊಳೆಯಿಂದ ಒಂದು ಮಸಿಬಟ್ಟೆ ತೆಗೆದು ಪಾತ್ರೆಯ ಎರಡು ಬದಿ ಹಿಡಿದು ಇಳಿಸಿದರು. ಅಲ್ಲಿಯವರೆಗೆ ತಲೆತಗ್ಗಿಸಿ ಕೂತಿದ್ದ ಶೇಕಬ್ಬ ತಲೆಯೆತ್ತಿ ನೋಡಿದರು. ಆಮೇಲೆ ಎದ್ದು ನಿಂತರು.

"ಬಾಯಮ್ಮ, ಆ ಬಟ್ಟೆ ಸ್ವಲ್ಪ ತೋರಿಸಿ."

ಹಸಿರು ಚೌಕಳಿ. ತೊಳೆದು ತೊಳೆದು ಮಾಸಿತ್ತು, ಎಣ್ಣೆ ಕುಡಿದಿತ್ತು. ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯ ಕಂದು ಗುರುತು ಹಾಗೇ ಇತ್ತು. ಅಂಚಿನಲ್ಲಿ ಜುಬೈದಾಳ ದಪ್ಪ ನೂಲಿನ ಹೊಲಿಗೆ ನಾಲ್ಕಾರು ಉಳಿದಿದ್ದವು. ಶೇಕಬ್ಬ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಗೋದಾಮಿಗೆ ಬಂದ ಮಾಲನ್ನು ಪರೀಕ್ಷಿಸುವವರಂತೆ ಎರಡೂ ಮಗ್ಗುಲು ನೋಡಿದರು.

"ಇದು ನನ್ನ ಲುಂಗಿ," ಎಂದರು.

ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಗಾಳಿಗೆ ಹಾರಿದ್ದು ಕಾರ್ಕಳದವರೆಗೆ ಬಂತಾ?"

ಜುಬೈದಾಳಿಗೆ ಅವರ ಮಾತು ಕೇಳಿಸಿತು, ಆದರೆ ನಾಚಿಕೆಪಡುವಷ್ಟು ಜಾಗ ಮನಸ್ಸಿನಲ್ಲಿರಲಿಲ್ಲ. ಕಳಿಸಿದ್ದೇನೆ. ನಾನು ಕಳಿಸಿದ್ದೇನೆ. ಸೂಜಿ ಹಿಡಿದು ಹೊಲಿದು ಕಳಿಸಿದ್ದೇನೆ. ಅವಳು ಕೈಚಾಚಿ ಅಂಚಿನ ಹೊಲಿಗೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು. ಆನಿ ಮಾತ್ರ ಚಾ ಸೋಸುವುದನ್ನು ಬಿಟ್ಟು ನೆಲಕ್ಕೆ ಕುಸಿದು ಕೂತಿದ್ದರು.

"ಪೊಲೀಸಿಗೆ ಹೇಳ್ತೀರಾ?" ಎಂದರು.

"ಲುಂಗಿಗೆ?" ಎಂದರು ಶೇಕಬ್ಬ.

ಆನಿ ಆಮೇಲೆ ಎಲ್ಲ ಹೇಳಿದರು. ಕಟ್ಟು ಬಂದಿತ್ತು. ಸಿರಿಲ್ ತಾವೇ ಕೋಲೂರಿಕೊಂಡು ಬಾಗಿಲಿಗೆ ಹೋಗಿ ಅಂಚೆಯವನಿಂದ ಇಸಿದುಕೊಂಡಿದ್ದರು. ಹಾಸಿಗೆಯಿಂದ ಎದ್ದು ಅಷ್ಟು ದೂರ ಅವರು ನಡೆದದ್ದು ಅದೇ ಕೊನೆ. ಮಗಳಿಗೆ ಹೇಳಿದರೆ ಅವಳು ತೊಳೆದು ತೊಳೆದು ಹತ್ತಿಯ ಹಾಗೆ ಮಾಡುತ್ತಾಳೆ, ಬಂದಿಲ್ಲ ಎಂದೇ ಹೇಳುವ ಎಂದು ಆನಿಯ ಕೈಯಲ್ಲಿ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ಪ್ರತಿ ಸಂಜೆ ಗಂಜಿಯ ಬಟ್ಟಲಿನ ಜೊತೆ ಒಂದು ಬಂಗುಡೆ. ಆನಿ ಅದನ್ನು ತನ್ನ ಒಲೆಯ ಕೆಂಡದಲ್ಲಿ ಸುಟ್ಟು, ತೆಂಗಿನೆಣ್ಣೆ ಸವರಿ, ಸೆರಗಿನಡಿ ಅಡಗಿಸಿ ಬೇಲಿ ದಾಟಿಸುತ್ತಿದ್ದರು. ಭಾನುವಾರ ಮಾತ್ರ ಇಲ್ಲ, ಅಂದು ಮಗಳು ಬರುತ್ತಾಳೆ. ಕಟ್ಟು ಖಾಲಿಯಾದ ವಾರದಲ್ಲೇ ಅವರು ನಿದ್ದೆಯಲ್ಲಿ ಹೋದರು.

"ನನ್ನ ಕೈಯಿಂದ ಉಪ್ಪು ತಿಂದು ಸತ್ತರು ಅಂತ ಆಗ್ತದೆ," ಎಂದರು ಆನಿ. "ಲವಿಟಾ ನನ್ನನ್ನು ಕ್ಷಮಿಸುವುದಿಲ್ಲ. ದೇವರಾಣೆ ಹೇಳಬೇಡಿ. ನೀವು ಕಳಿಸಿದ್ದೀರಿ ಅಂತ ನಿಮಗೆ ಗೊತ್ತಾಯಿತಲ್ಲ, ಸಾಕಲ್ವಾ?"

ಜುಬೈದಾ ಆ ಮಾತನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ಬೆಂಕಿಯ ಮೇಲಿಟ್ಟವರು ಆನಿಯಾದರೆ ಉಪ್ಪು ಹಾಕಿದವಳು ತಾನು. ಇಷ್ಟು ದಿನ ಕಳಿಸಲಿಲ್ಲ ಎಂಬ ಆರೋಪ, ಇನ್ನು ಕಳಿಸಿದೆ ಎಂಬ ಆರೋಪ. ಈ ಹೆಂಗಸಿನ ಚಾ ಕುಡಿದು, ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದರೆ ಮೂವರಿಗೂ ಕ್ಷೇಮ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಔಷಧ ಅಂಗಡಿಯ ಮೆಟ್ಟಿಲು ನೆನಪಾಯಿತು.

"ಬಾಯಮ್ಮ, ನನ್ನನ್ನು ಅವಳು ಮೋಸಗಾತಿ ಅಂದುಕೊಂಡರೆ ಅಂದುಕೊಳ್ಳಲಿ," ಎಂದಳು. "ಪಪ್ಪ ಆಸೆ ಹೊತ್ತುಕೊಂಡು ಹೋದರು ಅಂತ ಅವಳು ಮೂರು ವರ್ಷದಿಂದ ಉರಿಯುತ್ತ ಇದ್ದಾಳೆ. ಅವರು ಹಾಗೆ ಹೋಗಲಿಲ್ಲ ಅಂತ ಗೊತ್ತಿರುವುದು ನಿಮಗೆ ಒಬ್ಬರಿಗೇ. ಅದನ್ನು ಇಟ್ಟುಕೊಳ್ಳಬಾರದು."

ಆನಿ ಶೇಕಬ್ಬರ ಕೈಯಿಂದ ಹಸಿರು ಬಟ್ಟೆ ತೆಗೆದುಕೊಂಡು ಅದರ ಮೂಲೆ ತಿರುಚಿದರು. ಆಮೇಲೆ ಫೋನು ತೆಗೆದು ಲವಿಟಾಳ ನಂಬರು ತಾವೇ ಒತ್ತಿ, ಸ್ಪೀಕರಿನಲ್ಲಿಟ್ಟು ಬೆಂಚಿನ ಮೇಲಿಟ್ಟರು. ಕೈಯಲ್ಲಿ ಹಿಡಿದುಕೊಳ್ಳುವ ಧೈರ್ಯ ಅವರಿಗಿರಲಿಲ್ಲ. ಅವರ ಮನೆಮಾತು ಕೊಂಕಣಿಯಾದರೂ ಕೂತಿರುವ ಇಬ್ಬರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದರು. ಕಟ್ಟು, ಆಣೆ, ಕೆಂಡ, ಬೇಲಿ, ಏನನ್ನೂ ಬಿಡಲಿಲ್ಲ. ಹೇಳಿ ಮುಗಿದ ಮೇಲೆ ಆ ಕಡೆಯಿಂದ ಔಷಧ ಅಂಗಡಿಯ ಸದ್ದು ಮಾತ್ರ ಕೇಳುತ್ತಿತ್ತು.

"ಎಷ್ಟು ತಿಂದರು?" ಎಂದಳು ಲವಿಟಾ.

"ಎಲ್ಲ."

"ತೊಳೆದಿದ್ರಾ?"

"ಇಲ್ಲ." ಆನಿ ಕಣ್ಣು ಮುಚ್ಚಿಕೊಂಡರು. "ಒಂದು ನೀರಿಗೂ ಹಾಕಲಿಲ್ಲ."

ಶೇಕಬ್ಬ ಟೊಪ್ಪಿ ಸರಿಮಾಡಿಕೊಂಡರು.

"ಎಂತ ಹೇಳಿದರು ತಿಂದು?" ಎಂದು ಕೇಳಿದಳು ಲವಿಟಾ.

ಆನಿ ಜುಬೈದಾಳ ಮುಖ ನೋಡಿದರು. ಹೇಳಲೋ ಬೇಡವೋ ಎಂದು ಅನುಮಾನಿಸುತ್ತಿರುವುದು ಕಾಣುತ್ತಿತ್ತು.

"ಉಪ್ಪು ಸಾಲದು ಅಂದರು," ಎಂದರು.

ಫೋನಿನಿಂದ ಒಂದು ಸ್ವರ ಬಂತು. ಮೊದಲಿಗೆ ಅಳು ಎಂದೇ ಮೂವರೂ ಅಂದುಕೊಂಡರು. ಲವಿಟಾ ನಗುತ್ತಿದ್ದಳು. ನಕ್ಕು ನಕ್ಕು, ನಡುವೆ ಯಾವಾಗಲೋ ಅದು ನಿಜವಾಗಿ ಅಳುವಾಯಿತು. "ನನಗೆ ಸುಳ್ಳು ಹೇಳಿದರಲ್ಲ," ಎನ್ನುತ್ತಿದ್ದಳು, "ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದರಲ್ಲ," ಎಂದು ಬಹುಮಾನ ಗೆದ್ದ ಮಗುವಿನ ಸುದ್ದಿ ಹೇಳುವವರ ಹಾಗೆ. ಆನಿಗೆ ಬೈಗುಳ ಬೀಳಲಿಲ್ಲ. ಭಾನುವಾರ ಬರುತ್ತೇನೆ, ಗಂಜಿ ಮಾಡಿಡಿ ಎಂದಳು.

ಬೆಳ್ಮಣ್ಣಿನ ದಾರಿಯಾಗಿ ಮನೆಗೆ ಮರಳುವಾಗ ಶೇಕಬ್ಬ ಕಿಟಕಿಯ ಹೊರಗೇ ನೋಡುತ್ತಿದ್ದರು. ಪಡುಬಿದ್ರಿ ಹತ್ತಿರವಾದಾಗ, ಪಕ್ಕದ ಮನೆಯವರಿಗೆ ನಾಳೆ ಒಂದು ಸಲಾಂ ಹೇಳಬೇಕು ಎಂದರು. ಅಷ್ಟರಲ್ಲಿ ಲುಂಗಿಯ ಅಧ್ಯಾಯ ಮುಗಿಯಿತು. ಕಪ್ಪು ರಶೀದಿಯ ಮಾತನ್ನು ಜುಬೈದಾಳೂ ಎತ್ತಲಿಲ್ಲ.

ಮರುವಾರ ರಶೀದಾ ಮತ್ತೆ ಫೋನು ಹಿಡಿದುಕೊಂಡು ಬಂದಳು. ಲವಿಟಾ ಹಳೆಯದನ್ನು ಅಳಿಸಿ ಹೊಸದು ಬರೆದಿದ್ದಳು. ನಾಲ್ಕು ನಕ್ಷತ್ರ. "ತಲುಪಿದೆ. ಪಪ್ಪ ಪೂರ್ತಿ ತಿಂದಿದ್ದಾರೆ. ಉಪ್ಪು ಸಾಲಲಿಲ್ಲವಂತೆ, ಅದಕ್ಕೆ ಒಂದು ಕಡಿಮೆ."

ಜುಬೈದಾ ಲವಿಟಾಳ ಹೊಸ ಕಟ್ಟನ್ನೇ ಹೊಲಿಯುತ್ತ ಕೂತಿದ್ದಳು. ಬಟ್ಟೆ ಬಿಳಿಯದು, ಹೊಸದು. ಶೇಕಬ್ಬ ತಾವೇ ತಂದು ಬಿಲ್ಲನ್ನು ಫೈಲಿಗೆ ಹಾಕಿದ್ದರು. ಲವಿಟಾ ಬರೆದದ್ದನ್ನು ಅವಳು ರಶೀದಾಳಿಂದ ಎರಡು ಸಲ ಓದಿಸಿದಳು. ಕಣ್ಣು ತುಂಬಿ ಸೂಜಿಯ ತುದಿ ಕಾಣದಾಯಿತು.

"ಉಪ್ಪು ಸರಿಯಾಗಿಯೇ ಇತ್ತು," ಎಂದಳು.

ಶೇಕಬ್ಬ ಆ ಬರಹವನ್ನು ಕಾಪುವಿನಲ್ಲಿ ಪ್ರಿಂಟು ಹಾಕಿಸಿ ತಂದು, ಹೊಸ ಕ್ಲಿಪ್ಪು ಹುಡುಕುತ್ತ ಕೇಳಿದರು, "ಇದನ್ನು ಎಷ್ಟು ವರ್ಷ ಇಡುವುದು?"

"ಮೊದಲು ಹೇಳಿದಷ್ಟೇ," ಎಂದಳು ಜುಬೈದಾ. "ಬಚ್ಚಲಿನ ಅಟ್ಟದಲ್ಲಿ ಮಾತ್ರ ಬೇಡ."